ಬಾವಿ ತೋಡುವವರ ಅಭಿಪ್ರಾಯ

ಪ್ರಕಾಶಕರು ಕಳಿಸುವ ಕಾರ್ಡುಗಳ ಕಟ್ಟನ್ನು ಅಣ್ಣನ ಮುಂದೆ ಬಿಚ್ಚುವ ಮೊದಲು ಅಡುಗೆಮನೆಯಲ್ಲಿ ನಿಂತು ಒಂದು ಸಲ ಓದಿಬಿಡುವುದು ಪುಟ್ಟಿಯ ಪದ್ಧತಿ. ಪುಟ್ಟಿ ಎಂದರೆ ಚಿಕ್ಕ ಹುಡುಗಿಯೇನಲ್ಲ. ಅರವತ್ತೊಂದು ವರ್ಷ, ಮಂಡಿನೋವು, ಸೋಡಾಬುಡ್ಡಿ ಕನ್ನಡಕ, ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪ್ ಮಾಡಿ ಸವೆದ ಬೆರಳು. ಅವಳನ್ನು ತೊಟ್ಟಿಲಲ್ಲಿ ನೋಡಿ ಅಣ್ಣ ಕರೆದ ಹೆಸರನ್ನು ಅವನೂ ಬಿಡಲಿಲ್ಲ, ಇವಳೂ ಬಿಡಿಸಿಕೊಳ್ಳಲಿಲ್ಲ.

ಅಣ್ಣ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಗಳಿಗೆ ಚೀಟಿ ಬರೆಯುವ ಕೆಲಸದಲ್ಲಿದ್ದವನು. 'ಮಡಕೆ ಚೂರು, ಕಾಲ ತಿಳಿಯದು' ಎಂದು ಬರೆದು ಬರೆದು ಬೇಸತ್ತು, ಚೀಟಿಯಲ್ಲಿ ಹಿಡಿಸದ್ದನ್ನೆಲ್ಲ ಮನೆಗೆ ತಂದು ಕಾದಂಬರಿ ಮಾಡಿದ. 'ಮಣ್ಣಿನಡಿಯ ಪಿಸುಮಾತು' ಎಂಬ ಮಾಲೆ. ಆಗಲೇ ಐದು ಪುಸ್ತಕ ಬಂದಿದ್ದವು. ಒಬ್ಬ ಪ್ರೊಫೆಸರು ಹಳೆಯ ದಿಬ್ಬಗಳನ್ನು ಅಗೆಯುತ್ತಾನೆ. ಅಗೆದಲ್ಲೆಲ್ಲ ಸತ್ತವರು ಎದ್ದು ಕೂತು ಮಾತಾಡುತ್ತಾರೆ. ಕೆಲವರು ಮಾತಿಗೆ ನಿಲ್ಲದೆ ನೇರ ಕುತ್ತಿಗೆಗೇ ಕೈ ಹಾಕುತ್ತಾರೆ. ಪ್ರತಿ ಪುಸ್ತಕದ ಕೊನೆಗೆ, ಹರಿದು ಅಂಚೆಗೆ ಹಾಕಲು ಒಂದು ಕಾರ್ಡು: 'ನಿಮ್ಮ ಅಭಿಪ್ರಾಯ ಬರೆಯಿರಿ.' ಮೊದಮೊದಲು ಜನ ಹುಚ್ಚೆದ್ದು ಬರೆದಿದ್ದರು. ಒಬ್ಬಾಕೆಯಂತೂ, ನಿಮ್ಮ ಪುಸ್ತಕ ಓದಿದ ಮೇಲೆ ಹಿತ್ತಲಲ್ಲಿ ಗಿಡ ನೆಡುವುದಕ್ಕೂ ಭಯವಾಗುತ್ತಿದೆ ಎಂದು ಬರೆದಿದ್ದಳು. ಅಣ್ಣ ಅದನ್ನು ಹಾಲಿನವನಿಗೂ ಓದಿ ಹೇಳಿದ್ದ.

ನಾಲ್ಕನೆಯ ಪುಸ್ತಕದ ಹೊತ್ತಿಗೆ ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದುಹಾಕಿತು. ಅವನು ಮದುವೆಯಾದವನಲ್ಲ, ಗಂಡ ತೀರಿಕೊಂಡ ಮೇಲೆ ಪುಟ್ಟಿ ಅವನ ಮನೆಯಲ್ಲೇ ಇದ್ದಳು. ಮೊದಲ ಪುಸ್ತಕದಿಂದಲೂ ಅವನ ಕಾಗೆಕಾಲು ಅಕ್ಷರ ನೋಡಿ ಟೈಪ್ ಮಾಡಿದವಳು ಅವಳೇ. ಈಗ ಅವನು ಬಾಯಲ್ಲಿ ಹೇಳುತ್ತಿದ್ದ, ಇವಳು ಟೈಪ್ ಮಾಡಿ ಓದಿ ಹೇಳುತ್ತಿದ್ದಳು, ಅವನು ತಿದ್ದುತ್ತಿದ್ದ. ಓದುಗರ ಕಾರ್ಡುಗಳೂ ಅವಳ ಬಾಯಿಂದಲೇ ಅವನ ಕಿವಿ ಸೇರಬೇಕಿತ್ತು.

ಐದನೆಯ ಪುಸ್ತಕಕ್ಕೆ ಹನ್ನೊಂದು ಕಾರ್ಡು ಬಂದವು. ಹನ್ನೊಂದರಲ್ಲೂ ಉಗಿದು ಉಪ್ಪಿನಕಾಯಿ ಹಾಕಿದ್ದರು. 'ದೆವ್ವಗಳಿಗೂ ವಯಸ್ಸಾಗಿದೆ, ಮಾತು ಜಾಸ್ತಿ, ಕೆಲಸ ಕಡಿಮೆ.' 'ಪ್ರೊಫೆಸರನ್ನು ಮೂರನೆಯ ಪುಸ್ತಕದಲ್ಲೇ ಹೂತುಬಿಡಬೇಕಿತ್ತು.' 'ಈ ಲೇಖಕರು ಜನ್ಮದಲ್ಲಿ ಸಲಿಕೆ ಹಿಡಿದವರಲ್ಲ.' ಕೊನೆಯದಂತೂ ಎರಡೇ ಪದ: 'ಇನ್ನು ಸಾಕು.' ಪುಟ್ಟಿಗೆ ಬರೆದವರ ಮೇಲೆ ಸಿಟ್ಟು ಬಂತು, ಅವರು ಹೇಳಿದ್ದರಲ್ಲಿ ಅರ್ಧ ನಿಜ ಎಂದು ಗೊತ್ತಿದ್ದುದರಿಂದ ಇನ್ನಷ್ಟು ಬಂತು.

"ಪುಟ್ಟೀ, ಎಷ್ಟು ಬಂದಿವೆ?" ಎಂದು ಕೋಣೆಯಿಂದ ಅಣ್ಣ ಕೂಗಿದ.

"ಬಂದೆ ಇರಣ್ಣ."

ಅವನೆದುರು ಕುರ್ಚಿ ಎಳೆದು ಕೂತಳು. ಅವನು ಆಗಲೇ ಕಿವಿ ಈ ಕಡೆ ತಿರುಗಿಸಿ, ಮೊಣಕಾಲ ಮೇಲೆ ಕೈ ಜೋಡಿಸಿಕೊಂಡಿದ್ದ. ಸಲಿಕೆಯ ಕಾರ್ಡು ಅವಳ ಕೈಯಲ್ಲಿತ್ತು. ಅದನ್ನು ಓದಲು ಬಾಯಿ ತೆರೆದರೆ ಬೇರೆಯದೇ ಬಂತು.

"ಸ್ವಾಮಿ, ನಾನು ಬಾವಿ ತೋಡುವವನು. ನಲವತ್ತು ವರ್ಷ ಮಣ್ಣಿನೊಳಗೇ ಕಳೆದವನು. ನಿಮ್ಮ ಪುಸ್ತಕದ ಮಣ್ಣು ನಿಜವಾದ ಮಣ್ಣು. ಓದುವಾಗ ನನ್ನ ಮೂಗಿಗೆ ಅದರ ವಾಸನೆ ಬಂತು."

ಅಣ್ಣನ ಮುಖ ಅರಳಿದ್ದನ್ನು ನೋಡಿ ಅವಳಿಗೆ ಅಳು ಬರುವಂತಾಯಿತು. ಜನ್ಮದಲ್ಲಿ ಸಲಿಕೆ ಹಿಡಿಯದವನಿಗೆ ಬಾವಿ ತೋಡುವವನೊಬ್ಬ ಭೇಷ್ ಎಂದಿದ್ದ.

"ಇನ್ನೊಂದ್ಸಲ ಓದು."

ಅಲ್ಲಿ ಸಿಕ್ಕಿಹಾಕಿಕೊಳ್ಳಬೇಕಿತ್ತು. ಆದರೆ ಸಾಕ್ಷಿಗಳ ಹೇಳಿಕೆ ಕೇಳಿ ಕೇಳಿ ಟೈಪ್ ಮಾಡಿದವಳ ನೆನಪು ಅಲ್ಲಾಡಲಿಲ್ಲ. ಒಂದಕ್ಷರ ಹೆಚ್ಚುಕಡಿಮೆಯಾಗದಂತೆ ಮತ್ತೆ ಒಪ್ಪಿಸಿದಳು. ಉಳಿದ ಕಾರ್ಡುಗಳನ್ನು, ಎಲ್ಲರೂ ಚೆನ್ನಾಗಿದೆ ಅಂದಿದ್ದಾರೆ ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಒಂದು ಸುಳ್ಳಿಗೆ ಮುಗಿಯುತ್ತದೆ ಎಂದುಕೊಂಡಿದ್ದಳು, ಪಾಪ. ಅಣ್ಣ ಅಂದೇ ಉತ್ತರ ಹೇಳಿ ಬರೆಸಿದ. ಅವಳು ಟೈಪ್ ಮಾಡಿ, ಮಡಚಿ, ಲಕೋಟೆಗೆ ಹಾಕಿ, ಅಂಚೆಗೆ ಹಾಕಿ ಬಂದೆ ಎಂದು ಹೇಳಿ, ಬೀರುವಿನಲ್ಲಿ ತನ್ನ ಬಟ್ಟೆಗಳಡಿ ಇಟ್ಟಳು. ವಾರ ಕಳೆಯುವುದರೊಳಗೆ "ಬಾವಿಯವರ ಕಾಗದ ಬಂತಾ?" ಎಂದು ಶುರುವಾಯಿತು. ಬರಲೇಬೇಕಾಯಿತು. ಆಮೇಲೆ ಅಣ್ಣನ ಪ್ರಶ್ನೆಗಳೂ ಬೆಳೆದವು. ಹಳದಿ ಮಣ್ಣು ಮುಗಿದ ಮೇಲೆ ಏನು ಸಿಗುತ್ತದೆ, ನೀರು ಹತ್ತಿರ ಬಂತೆಂದು ಹೇಗೆ ತಿಳಿಯುತ್ತದೆ, ಕೇಳಿ ಬರೆ ಎಂದ.

ಆಗ ಬೀದಿಯ ಕೊನೆಯಲ್ಲಿ ಪೈಪು ಹಾಕಲು ಅಗೆಯುತ್ತಿದ್ದರು. ಪುಟ್ಟಿ ತರಕಾರಿ ಚೀಲ ಹಿಡಿದು ಆ ಗುಂಡಿಯ ಅಂಚಿಗೆ ಹೋಗಿ ನಿಂತಳು.

"ಏನಮ್ಮ, ಏನಾದ್ರೂ ಬಿದ್ಹೋಯ್ತಾ?" ಎಂದು ಮೇಸ್ತ್ರಿ ಕೇಳಿದ.

"ಇಲ್ಲಪ್ಪ. ಈ ಹಳದಿ ಮಣ್ಣಿನ ಕೆಳಗೆ ಏನಿರುತ್ತೆ?"

ಮೇಸ್ತ್ರಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ತಲೆ ಕೆಟ್ಟಿದೆ ಎಂದುಕೊಂಡನೋ ಏನೋ, ಆದರೂ ಒಳ್ಳೆಯವನು. "ಗರಸು ಕಲ್ಲು. ಅದಾದ್ಮೇಲೆ ಜೇಡಿ. ಜೇಡಿ ತಣ್ಣಗೆ ಕೈಗೆ ಹತ್ತಿದ್ರೆ ನೀರು ದೂರ ಇಲ್ಲ ಅಂತ ಲೆಕ್ಕ. ನಿಮಗ್ಯಾಕಮ್ಮ ಇದೆಲ್ಲ?"

"ನಮ್ಮ ಮನೇಲಿ ಒಬ್ರಿಗೆ ಬೇಕಿತ್ತು" ಎಂದಳು. ಗರಸು ಕಲ್ಲು, ಜೇಡಿ, ಗರಸು ಕಲ್ಲು, ಜೇಡಿ ಎಂದು ಗೊಣಗುತ್ತ ಮನೆ ಸೇರಿದಳು. ತರಕಾರಿ ತರುವುದನ್ನೇ ಮರೆತಿದ್ದಳು.

ನಾಲ್ಕನೆಯ ಕಾಗದದ ಹೊತ್ತಿಗೆ ಬಾವಿ ತೋಡುವವನಿಗೆ ಧೈರ್ಯ ಬಂದಿತ್ತು. ನಿಜ ಹೇಳಬೇಕೆಂದರೆ ಪುಟ್ಟಿಗೆ ಬಂದಿತ್ತು. ಅವಳ ಎದೆಯಲ್ಲಿ ಹನ್ನೆರಡು ವರ್ಷದಿಂದ ಒಂದು ಮುಳ್ಳು ಉಳಿದುಕೊಂಡಿತ್ತು. ಮೊದಲ ಮೂರು ಪುಸ್ತಕಗಳಲ್ಲಿ ಪ್ರೊಫೆಸರನ ಜೊತೆ ಒಬ್ಬಳಿದ್ದಳು, ಲಾಂದ್ರದವಳು. ಅವನು ಗುಂಡಿಗಿಳಿದರೆ ಅವಳು ಹಿಂದೆ ದೀಪ ಹಿಡಿದು ನಿಲ್ಲುತ್ತಿದ್ದಳು, ಅವನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು. ಅವಳ ಬೆಳಕು ಇರುವವರೆಗೆ ಸತ್ತವರು ಹತ್ತಿರ ಸುಳಿಯುತ್ತಿರಲಿಲ್ಲ. ಮೂರನೆಯ ಪುಸ್ತಕದ ಕೊನೆಯಲ್ಲಿ ಅಣ್ಣ ಅವಳನ್ನು ಒಂದೇ ಸಾಲಿನಲ್ಲಿ ಮುಗಿಸಿದ: 'ಮಣ್ಣು ಕುಸಿಯಿತು, ಲಾಂದ್ರದವಳು ಅದರಡಿ ಉಳಿದಳು.' ಟೈಪ್ ಮಾಡುತ್ತಿದ್ದ ಪುಟ್ಟಿ, ಮುಂದಿನ ಹಾಳೆಯಲ್ಲಿ ಪ್ರೊಫೆಸರು ಅಳುತ್ತಾನೆ ಎಂದು ಕಾದಳು. ಆ ಹಾಳೆಯಲ್ಲಿ ಅವನು ಚಹಾ ಕುಡಿಯುತ್ತಿದ್ದ. ಯಾಕೆಂದು ಅಣ್ಣನನ್ನು ಕೇಳಿರಲಿಲ್ಲ, ಚಹಾ ಕುಡಿಯುವುದನ್ನೂ ತಪ್ಪಿಲ್ಲದೆ ಟೈಪ್ ಮಾಡಿದ್ದಳು.

ಈಗ ಬಾವಿಯವರ ಬಾಯಲ್ಲಿ ಕೇಳಿದಳು: "ಸ್ವಾಮಿ, ನಾನು ಕೆಳಗಿಳಿಯುವುದು ಮೇಲೆ ಹಗ್ಗ ಹಿಡಿದು ನಿಂತವರನ್ನು ನಂಬಿಕೊಂಡು. ನಿಮ್ಮ ಪ್ರೊಫೆಸರು ಆ ಲಾಂದ್ರದವಳಿಗಾಗಿ ಒಂದು ಸಲವೂ ಹಿಂದಿರುಗಿ ನೋಡಲಿಲ್ಲವಲ್ಲ, ಯಾಕೆ?"

ಅಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ, "ಪುಟ್ಟಿ, ಹಾಳೆ ಹಾಕು. ಕೊನೇ ಪುಸ್ತಕ. ಪ್ರೊಫೆಸರು ಅವಳನ್ನ ಹುಡುಕ್ಕೊಂಡು ವಾಪಸ್ ಹೋಗ್ತಾನೆ" ಎಂದ.

ಆ ಹೊತ್ತಿಗೆ ಅವನ ಮೂತ್ರಪಿಂಡಗಳೂ ಕೈಕೊಟ್ಟಿದ್ದವು. ವರ್ಷ ದಾಟುವುದು ಕಷ್ಟ ಎಂದು ವೈದ್ಯರು ಪುಟ್ಟಿಯನ್ನು ಹೊರಗೆ ಕರೆದು ಹೇಳಿದ್ದರು. ಅವನು ಮಾತ್ರ ಹಿಂದೆಂದೂ ಹೇಳದ ವೇಗದಲ್ಲಿ ಹೇಳಿದ. ಊದಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ದಿನಕ್ಕೆ ಆರು ಪುಟ, ಎಂಟು ಪುಟ. ಪ್ರತಿ ಅಧ್ಯಾಯ ಮುಗಿದಾಗಲೂ "ಬಾವಿಯವರಿಗೆ ಇದು ಹಿಡಿಸುತ್ತೆ ಅಲ್ವಾ?" ಎಂದು ಕೇಳುತ್ತಿದ್ದ. ಹಿಡಿಸುತ್ತೆ ಅಣ್ಣ, ಎನ್ನುತ್ತಿದ್ದಳು. ನಿನಗೆ ಹಿಡಿಸಿತಾ ಎಂದು ಅವನು ಕೇಳಲಿಲ್ಲ.

ಪುಸ್ತಕ ಮುಗಿದ ದಿನ ಅವನು ಅರ್ಪಣೆಯ ಪುಟ ಹೇಳಿದ. ಅವಳು ಬೆರಳು ಕೀಲಿಗಳ ಮೇಲಿಟ್ಟು ಕಾದಳು. ಸುಳ್ಳೇಕೆ, ಒಂದು ಕ್ಷಣ ಆಸೆಯಾಯಿತು.

"ಮುಖವನ್ನೇ ನೋಡದಿದ್ದರೂ ನನ್ನನ್ನು ಅರ್ಥ ಮಾಡಿಕೊಂಡ ಒಬ್ಬನೇ ಓದುಗನಿಗೆ, ಬಾವಿ ತೋಡುವವರಿಗೆ."

ಟೈಪ್ ಸದ್ದು ಬರಲಿಲ್ಲ.

"ಯಾಕೆ ನಿಲ್ಲಿಸ್ದೆ?"

"ರಿಬ್ಬನ್ ಸಿಕ್ಕಾಕ್ಕೊಂಡಿದೆ." ಸ್ವಲ್ಪ ತಡೆದು, ಮಾತನ್ನು ಒತ್ತಿ ಒತ್ತಿ ಹೊರಗೆ ತಂದಳು. "ಅಣ್ಣಾ, ಲಾಂದ್ರದವಳು ಸತ್ತಾಗ ನನಗೂ ತುಂಬಾ ಬೇಜಾರಾಗಿತ್ತು."

ಅವನು ನಕ್ಕ. ಕೆಟ್ಟ ನಗುವೇನಲ್ಲ, ಚಿಕ್ಕವರ ಮಾತಿಗೆ ದೊಡ್ಡವರು ನಗುವ ನಗು. "ನೀನು ಟೈಪ್ ಮಾಡ್ತೀಯ ಪುಟ್ಟಿ. ಟೈಪ್ ಮಾಡೋದೇ ಬೇರೆ, ಓದೋದೇ ಬೇರೆ. ಅಕ್ಷರ ತಪ್ಪಿದ್ರೆ ಹೇಳು, ಸಾಕು."

ಕಣ್ಣು ಹೋದವನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎನ್ನುತ್ತೀರಿ. ಕಣ್ಣಿದ್ದಾಗಲೂ ಅವನು ಕಂಡಿರಲಿಲ್ಲವಲ್ಲ! ಪುಟ್ಟಿ ಎದ್ದು ಹೋಗಿ ಬೀರು ತೆರೆದಳು. ಅವನ ಕಾಗದಗಳ ಕಟ್ಟನ್ನು ಎತ್ತಿಕೊಂಡು ಅವನ ಬಾಗಿಲವರೆಗೆ ಬಂದಳು. ಒಂದೇ ಮಾತು ಸಾಕಿತ್ತು: ಬಾವಿಯವರೂ ಇಲ್ಲ, ಗೀವಿಯವರೂ ಇಲ್ಲ, ಎಲ್ಲ ನಾನೇ. ಆ ಮಾತಿಗೆ ಆ ಅರ್ಪಣೆ ಅವಳದಾಗುತ್ತಿತ್ತು. ಆದರೆ ಅದೇ ಮಾತಿಗೆ ಅವನ ಒಬ್ಬನೇ ಓದುಗ ಸಾಯುತ್ತಿದ್ದ, ಹನ್ನೊಂದು ಉಗುಳಿನ ಕಾರ್ಡುಗಳಷ್ಟೇ ಅವನ ಪಾಲಿಗೆ ಉಳಿಯುತ್ತಿದ್ದವು. ಒಳಗೆ ಅವನು ಅರ್ಪಣೆಯ ಸಾಲನ್ನು ತನ್ನಷ್ಟಕ್ಕೇ ಹೇಳಿಕೊಂಡು ಖುಷಿಪಡುತ್ತಿದ್ದ. ಅವಳು ಕಟ್ಟನ್ನು ವಾಪಸು ಇಟ್ಟು ಬಂದು, ಆ ಸಾಲನ್ನು ತಪ್ಪಿಲ್ಲದೆ ಟೈಪ್ ಮಾಡಿದಳು.

ಪುಸ್ತಕದ ಮೊದಲ ಪ್ರತಿ ಬಂದಾಗ ಅಣ್ಣ ಹಾಸಿಗೆ ಹಿಡಿದಿದ್ದ. ಪುಟಗಳನ್ನು ಮೂಗಿಗೆ ಹಿಡಿದು ಮೂಸಿದ. ಆಮೇಲೆ ದಿನವೂ ಒಂದೇ ಪ್ರಶ್ನೆ, "ಅವರ ಅಭಿಪ್ರಾಯ ಬಂತಾ?" ಪುಟ್ಟಿ ಐದು ದಿನ ತಡೆದಳು. ಹೊಗಳಿಕೆ ಹೊಸೆಯುವುದು ಅವಳಿಗೆ ಈಗ ನೀರು ಕುಡಿದಷ್ಟು ಸುಲಭ. ಆದರೆ ಕೊನೆಯ ಸಲ ಅವನಿಗೆ ಸುಳ್ಳು ಓದಲು ಮನಸ್ಸು ಬರಲಿಲ್ಲ. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ, ಟೈಪ್ ಮಾಡಿದವಳಂತಲ್ಲ, ಕೊಂಡು ತಂದವಳಂತೆ ಓದಿದಳು. ಆರನೆಯ ದಿನ ಖಾಲಿ ಹಾಳೆ ಹಿಡಿದು ಅವನ ತಲೆದಿಂಬಿನ ಪಕ್ಕ ಕೂತಳು.

"ಸ್ವಾಮಿ, ನಿಮ್ಮ ಪುಸ್ತಕ ಓದಿ ಅತ್ತೆ. ಆ ಗುಂಡಿಯ ತಳದಲ್ಲಿ ಅವಳು ಹಗ್ಗದ ಕಡೆಗೇ ಮುಖ ಮಾಡಿ ಕೂತಿದ್ದಳು ಎಂದು ಬರೆದಿರಿ. ಅದು ನಿಮಗೆ ಹೇಗೆ ತಿಳಿಯಿತೋ ಕಾಣೆ, ಕಾಯುವವರು ಹಾಗೇ ಕೂರುತ್ತಾರೆ. ಆದರೆ ಒಂದು ಮಾತು ಹೇಳಲೇಬೇಕು. ಅಷ್ಟು ಕಷ್ಟಪಟ್ಟು ಹುಡುಕಿ ಬಂದ ಪ್ರೊಫೆಸರು ಅವಳ ಪಕ್ಕ ಕೂತು ತನ್ನ ಕಥೆಯನ್ನೇ ಹೇಳಿಕೊಂಡ. ಸತ್ತವರನ್ನೆಲ್ಲ ಮಾತಾಡಿಸಿದವನು, ನೀನು ಹೇಗಿದ್ದೆ ಎಂದು ಅವಳೊಬ್ಬಳನ್ನು ಮಾತ್ರ ಕೇಳಲಿಲ್ಲ."

ಅಣ್ಣನ ನೋಟವಿಲ್ಲದ ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು.

"ನಿಜ. ನನಗದು ಹೊಳೀಲೇ ಇಲ್ಲ" ಎಂದ. ಆಮೇಲೆ ತಡಕಾಡಿ ಅವಳ ಕೈ ಹಿಡಿದುಕೊಂಡ. "ಎಂಥಾ ಮನುಷ್ಯ ನೋಡು. ಇವರು ನನ್ನ ಒಡಹುಟ್ಟಿದವರಾಗಿ ಹುಟ್ಟಬೇಕಿತ್ತು ಪುಟ್ಟಿ."

"ಹೌದಣ್ಣ" ಎಂದಳು.

ಒಂಬತ್ತು ದಿನಕ್ಕೆ ಅವನು ಹೋದ. ನೆಂಟರು ಬಂದರು, ಅತ್ತರು, ಹೋದರು. ಪುಟ್ಟಿ ಎಲ್ಲರಿಗೂ ಕುರ್ಚಿ ಹಾಕಿದಳು, ನೀರು ಕೊಟ್ಟಳು, ಅವಳ ಕಣ್ಣಲ್ಲಿ ಮಾತ್ರ ಹನಿ ಬರಲಿಲ್ಲ. ಗಟ್ಟಿಗಿತ್ತಿ ಎಂದರು ಕೆಲವರು. ಕಲ್ಲು ಮನಸ್ಸು ಎಂದರು ಇನ್ನು ಕೆಲವರು, ಅವಳಿಗೆ ಕೇಳುವ ಹಾಗೆಯೇ.

ಮರುವಾರ ಪ್ರಕಾಶಕರು ಕಾರ್ಡುಗಳ ದೊಡ್ಡ ಕಟ್ಟು ಹಿಡಿದು ಬಂದರು. ಇಷ್ಟು ಕಾರ್ಡು ಯಾವ ಪುಸ್ತಕಕ್ಕೂ ಬಂದಿರಲಿಲ್ಲವಂತೆ. ಲಾಂದ್ರದವಳಿಗಾಗಿ ಅತ್ತವರೇ ಎಲ್ಲ. ಅಣ್ಣ ಕೂರುತ್ತಿದ್ದ ಕುರ್ಚಿಯಲ್ಲಿ ಕೂರಲು ಅವರು ಹಿಂಜರಿದು, ಪಕ್ಕದ ಬೆಂಚಿನ ಮೇಲೆ ಕೂತರು.

"ಆ ಬಾವಿ ತೋಡುವವರ ವಿಳಾಸ ಬೇಕಿತ್ತಮ್ಮ. ನಮ್ಮ ಕಟ್ಟಿನಲ್ಲಿ ಅವರ ಕಾರ್ಡು ನೋಡಿದ ನೆನಪೇ ಇಲ್ಲ, ನೇರ ಮನೆಗೇ ಬರೀತಿದ್ರೂಂತ ಕಾಣುತ್ತೆ. ಸುದ್ದಿ ಮೊದಲು ಅವರಿಗೆ ತಿಳಿಸಬೇಕಿತ್ತು."

"ಅವರಿಗೆ ಗೊತ್ತಾಗಿದೆ" ಎಂದಳು ಪುಟ್ಟಿ.

"ಹೌದಾ? ಪಾಪ, ತುಂಬಾ ನೊಂದುಕೊಂಡಿರಬೇಕು."

"ಹೂಂ, ತುಂಬಾ" ಎಂದಳು. ಹಾಗೆಂದವಳೇ ಕನ್ನಡಕ ತೆಗೆದು ಮಡಿಲಿಗಿಟ್ಟುಕೊಂಡು, ಅಣ್ಣ ಸತ್ತ ಮೇಲೆ ಮೊದಲ ಸಲ, ಬಂದವರ ಎದುರಿಗೇ ಬಿಕ್ಕಿಬಿಕ್ಕಿ ಅತ್ತಳು.