ಜ್ವರಕ್ಕೆ ಕೂತ ಹುಳು

ಅಮ್ಮ ಹೋದಾಗ ನನಗೆ ಅಳು ಬರಲಿಲ್ಲ. ತಿಥಿ ಮುಗಿದರೂ ಬಂದಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ, ಮನೆಯವರೆಲ್ಲ ನೋಡಿದ್ದಾರೆ. ಬಿ.ಎ. ಮುಗಿಸಿ ತಾಯಲೂರಿಗೆ ಬಂದ ಮೇಲೂ ದಿನಚರಿ ಬರೆಯುವುದನ್ನು ಬಿಟ್ಟಿಲ್ಲ. ಅದರಲ್ಲಿ ನನ್ನ ಈ ಸ್ಥಿತಿಗೊಂದು ಹೆಸರು ಹುಡುಕಿದೆ. ಜಡ ಎಂದು ಬರೆದೆ, ಮಂಕು ಎಂದು ಬರೆದೆ. ಕೊನೆಗೆ ಜೋಮು ಎಂದೆ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲಿಗೆ ಹಿಡಿಯುತ್ತದಲ್ಲ, ಅದು. ಅದನ್ನೂ ಹೊಡೆದುಹಾಕಿದೆ.

ಅಪ್ಪ ಊರಿನ ಶಾಲೆಯ ಮೇಷ್ಟ್ರು. ಅಮ್ಮ ಹೋದ ದಿನದಿಂದ ನನ್ನ ಮುಖ ನೋಡಿ ಮಾತಾಡಿಲ್ಲ. ಯುದ್ಧ ಶುರುವಾಗಿ ರೇಷ್ಮೆಗೆ ಬೆಲೆ ಬಂದ ಮೇಲೆ ಅಮ್ಮ ರೇಷ್ಮೆ ಹುಳು ಸಾಕತೊಡಗಿದ್ದಳು. ಆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕುವುದೊಂದೇ ಈಗ ನನ್ನ ಕೆಲಸ.

ತಿಥಿಗೆಂದು ಮಾಲೂರಿನಿಂದ ಬಂದಿದ್ದ ಅಪ್ಪನ ತಂಗಿ ಅಶ್ವತ್ಥಮ್ಮ ಸುಮ್ಮನಿರುವವರಲ್ಲ. "ಹೆತ್ತೋಳು ಹೋದ್ರೂ ಒಂದು ತೊಟ್ಟು ಕಣ್ಣೀರಿಲ್ಲ. ಹುಳಕ್ಕೆ ಮೇವು ಹಾಕ್ತಾ ಕೂತವ್ಳೆ. ಕಾಲೇಜಲ್ಲಿ ಇದನ್ನೇನಾ ಕಲಿಸೋದು, ಅಣ್ಣಯ್ಯ?"



ಇವತ್ತು ಬೆಳಿಗ್ಗೆ ಅತ್ತೆ ಹುಳದ ಕೋಣೆ ಗುಡಿಸಲು ಹೋಗಿ ಕೂಗಿಕೊಂಡರು.

"ಅಯ್ಯೋ ದೇವುಡಾ! ಒಂದೂ ಅಲ್ಲಾಡ್ತಿಲ್ಲ. ಎಲ್ಲಾ ಸತ್ತವೆ ಅಣ್ಣಯ್ಯ, ಅತ್ತಿಗೆ ಹಿಂದೇನೇ ಹೋದ್ವು!"

ಹುಳುಗಳಿದ್ದ ಬಿದಿರು ತಟ್ಟೆಯನ್ನು ಎತ್ತಿಕೊಂಡು ತಿಪ್ಪೆಯ ಕಡೆ ಹೊರಟೇಬಿಟ್ಟರು. ಅಪ್ಪನಿಗೆ ಹುಳದ ವಿಷಯ ಗೊತ್ತಿಲ್ಲ. ಪಡಸಾಲೆಯಲ್ಲಿ ನಿಂತು ನೋಡುತ್ತಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಸತ್ತಿಲ್ಲ ಅತ್ತೆ. ಜ್ವರಕ್ಕೆ ಕೂತಿವೆ."

"ಹುಳಕ್ಕೆ ಜ್ವರಾನಾ? ಕಷಾಯ ಕಾಯಿಸ್ಲೇನೇ?"

"ಪೊರೆ ಬಿಡೋ ಮುಂಚೆ ಹಿಂಗೇನೇ. ತಿನ್ನಲ್ಲ, ಅಲ್ಲಾಡಲ್ಲ. ಮುಟ್ಟಬಾರ್ದು, ಸೊಪ್ಪೂ ಹಾಕಬಾರ್ದು. ನಾಳೆ ಏಳ್ತವೆ. ಅಮ್ಮ ಹೇಳಿಕೊಟ್ಟಿದ್ಲು."

ಇಷ್ಟು ಮಾತು ನಾನು ಈಚೆಗೆ ಆಡಿರಲಿಲ್ಲ. ಅತ್ತೆ ತಟ್ಟೆಯನ್ನು ಮೆಲ್ಲಗೆ ಇಳಿಸಿದರು. ಹುಳುಗಳು ತಲೆ ಎತ್ತಿಕೊಂಡು ಹಾಗೇ ಕೂತಿದ್ದವು. ಅಪ್ಪ ಬಂದು, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಹಂಗಾದ್ರೆ ಇವತ್ತು ಸೊಪ್ಪು ಹಾಕೋ ಹಂಗಿಲ್ವಾ?"

"ಇಲ್ಲಪ್ಪ."

"ಮತ್ತೆ ದಿನವೆಲ್ಲ ನೀನೇನ್ ಮಾಡ್ತೀಯಮ್ಮ?"

ಸೊಪ್ಪಿನ ಕಲೆ ಹತ್ತಿದ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಗೊತ್ತಿಲ್ಲಪ್ಪ," ಎಂದೆ. "ಅಮ್ಮ ಇಲ್ದೆ ನಂಗೆ ಏನ್ ಮಾಡ್ಬೇಕೋ ಗೊತ್ತಾಗ್ತಿಲ್ಲ."