ಭಾನುವಾರದ ತಮ್ಮ

ಹಿಟ್ಟಿನ ಗಿರಣಿ ನಡೆಸುವ ಅಕ್ಕನಿಗೆ ಬೀದಿಯವರು ಇಟ್ಟ ಹೆಸರು ಗಿರಣಿ ಅಕ್ಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯ ಹೆಂಗಸು. ಇರುವವನು ಒಬ್ಬನೇ ತಮ್ಮ, ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಪ್ರತಿ ಭಾನುವಾರ ಗಿರಣಿ ಮುಚ್ಚಿ, ಕೈಗೆ ಮೆತ್ತಿದ ಹಿಟ್ಟು ತೊಳೆದುಕೊಂಡು, ಅವನ ಮನೆಯಲ್ಲಿ ಒಂದು ಗಂಟೆ ಕೂತು ಬರುವುದು ಅವಳ ರೂಢಿ.

ಆ ಭಾನುವಾರ ಹೋದಾಗ ಮನೆಗೆ ಒಳಗಿನಿಂದ ಬೀಗ. ತಮ್ಮನ ಹೆಂಡತಿ ಬಂದು ತೆಗೆದಳು. ಅಕ್ಕನಿಗೆ ಮೈಯೆಲ್ಲ ಉರಿಯಿತು.

"ಹಾಡಹಗಲಲ್ಲಿ ಗಂಡನ್ನ ಕೂಡಿಹಾಕಿದ್ದೀಯಲ್ಲೇ! ಅವನೇನು ಕಳ್ಳನಾ?"

"ಡ್ಯೂಟಿಗೆ ಹೊತ್ತಾಯ್ತು ಅಂತ ಎದ್ದೆದ್ದು ಹೋಗ್ತಾರೆ ಅತ್ತಿಗೆ. ಮೊನ್ನೆ ರಸ್ತೆ ಮಧ್ಯೆ ನಿಂತು ಲಾರಿಗೆ ಕೈ ಅಡ್ಡ ಹಿಡಿದಿದ್ರು. ಟಿಕೆಟ್ ಚೀಲ ಕದ್ದೆ ಅಂತ ನನ್ನ ಮೇಲೇ ಕೂಗಾಡ್ತಾರೆ. ಕಣ್ಣು ಮುಚ್ಚೋಕೂ ಭಯ. ಹೀಗೇ ಆದ್ರೆ ನಾನೇ ಬಿದ್ದುಹೋಗ್ತೀನಿ."

ಅಷ್ಟರಲ್ಲಿ ತಮ್ಮ ನಗುತ್ತಾ ಹೊರಗೆ ಬಂದ. "ಬಾರಕ್ಕ ಬಾ, ಮುಂದೆ ಸೀಟು ಖಾಲಿ ಇದೆ!"

"ಇವತ್ತು ಯಾವ ವಾರ ಹೇಳೋ?" ಎಂದಳು ಅಕ್ಕ.

"ರಿಟೈರ್ ಆದವನಿಗೆ ಯಾವ ವಾರ ಆದ್ರೇನಕ್ಕ? ದಿನಾಲೂ ರಜಾನೇ!"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಾರದ ಹೆಸರನ್ನು ಅವನು ಹೇಳಲೇ ಇಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ.

ಪಕ್ಕದ ಮನೆಯ ನರ್ಸಮ್ಮ ಅಲ್ಲೇ ಇದ್ದಳು. "ದೊಡ್ಡಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ನೆನಪು, ಗಮನ, ಲೆಕ್ಕಾಚಾರ ಎಲ್ಲಾ ಪರೀಕ್ಷೆ ಮಾಡ್ತಾರೆ ಅಕ್ಕ. ಒಂದ್ಸಲ ತೋರಿಸೋಣ."

"ವಯಸ್ಸಾದ್ರೆ ಮರೆವು ಯಾರಿಗೆ ಬರಲ್ಲ? ಅದಕ್ಕೆ ಹುಚ್ಚ ಅಂತ ಪಟ್ಟ ಕಟ್ಟಬೇಕಾ?" ಅಕ್ಕ ತಮ್ಮನ ಹೆಂಡತಿಯ ಕಡೆ ತಿರುಗಿದಳು. "ತಲೆ ಕೆಟ್ಟಿರೋದು ಅವನಿಗಲ್ಲ, ನಿನಗೆ."

ಅವಳು ಬೀಗ ಸರಿಯಾಗಿ ಬಿದ್ದಿದೆಯಾ ಎಂದು ನೋಡಲು ಎದ್ದು ಹೋದಳು.

"ನೀವೂ ಬನ್ನಿ ಅಕ್ಕ," ಎಂದಳು ನರ್ಸಮ್ಮ. "ತಮ್ಮ ಸರಿಯಾಗಿದ್ರೆ ಅದೂ ಗೊತ್ತಾಗುತ್ತಲ್ಲ."

"ಬರ್ತೀನಿ. ಬಂದು ನಿಮ್ಮಿಬ್ಬರ ಬಾಯಿ ಮುಚ್ಚಿಸ್ತೀನಿ!"

ದೊಡ್ಡಾಸ್ಪತ್ರೆಗೆ ಹೋದಾಗ ಡಾಕ್ಟರು ಮೊದಲು ರಕ್ತ ಪರೀಕ್ಷೆ ಬರೆದರು. ಮರೆವಿಗೆ ಕೆಲವೊಮ್ಮೆ ಥೈರಾಯ್ಡು, ವಿಟಮಿನ್ ಕೊರತೆ, ಮನಸ್ಸಿನ ಖಿನ್ನತೆಯೂ ಕಾರಣವಂತೆ. ಆಮೇಲೆ ಮನಶ್ಶಾಸ್ತ್ರಜ್ಞೆಯ ಕೋಣೆಗೆ ಕಳಿಸಿದರು. ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತಳು, ಕೂತಲ್ಲೇ ನಿದ್ದೆಹೋದಳು. ಅಕ್ಕ ಮಾತ್ರ ಹಟ ಹಿಡಿದು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡಳು.

ಮೊದಮೊದಲು ಎಲ್ಲ ತಮಾಷೆಯೇ. ಆಗಲೇ ಹೇಳಿದ ಪದಗಳನ್ನು ಮತ್ತೆ ಹೇಳಿ ಎಂದರೆ, "ಟಿಕೆಟ್ ಕೇಳಿ ಮೇಡಂ, ಪದ ಯಾಕೆ ಕೇಳ್ತೀರಿ!" ಎಂದ. ಮೇಡಂ ನಕ್ಕರು, ನಕ್ಕು ಮತ್ತೆ ಅದನ್ನೇ ಕೇಳಿದರು. ಅಕ್ಕನಿಗೆ ತಡೆಯಲಾಗಲಿಲ್ಲ. "ಕೊಡೆ ಕಣೋ, ಕೊಡೆ!" ಎಂದು ಆ ಪದಗಳಲ್ಲೊಂದನ್ನು ಪಿಸುಗುಟ್ಟಿದಳು.

"ನೀವು ಹೇಳಿಕೊಟ್ರೆ ನಿಮ್ಮ ನೆನಪು ಚೆನ್ನಾಗಿದೆ ಅಂತ ಬರ್ಕೋಬೇಕಾಗುತ್ತೆ ಅಮ್ಮ," ಎಂದರು ಮೇಡಂ. ಅಕ್ಕನ ಮುಖ ಹರಳೆಣ್ಣೆ ಕುಡಿದಂತಾಯಿತು.

ಭಾನುವಾರಗಳಲ್ಲಿ ಅಕ್ಕ ಅವನ ಜೊತೆ ಕೂರುತ್ತಿದ್ದ ಆ ಒಂದು ಗಂಟೆ ಇಲ್ಲೂ ಕಳೆಯಿತು. ಪರೀಕ್ಷೆ ಮುಗಿಯಲಿಲ್ಲ. ತಮ್ಮ ಕುರ್ಚಿಯಲ್ಲಿ ಮಿಸುಕಾಡತೊಡಗಿದ. ಏಳುವುದು, ಕೂರುವುದು, ಪಕ್ಕೆ ಮುಟ್ಟಿ ನೋಡಿಕೊಳ್ಳುವುದು. ವಾರ ಕೇಳಿದ್ದಕ್ಕೆ ಆ ರಜಾದ ಜೋಕು ಹೇಳಿದ. ಯಾರೂ ಕೇಳದಿದ್ದರೂ ಮತ್ತೆ ಅದನ್ನೇ, ಅದೇ ನಗೆಯೊಂದಿಗೆ ಹೇಳಿದ. ಈ ಸಲ ಅಕ್ಕನಿಗೆ ನಗು ಬರಲಿಲ್ಲ. ಮೇಡಂ ಚಿತ್ರ ತೋರಿಸಿ, ಅದರಂತೆ ಮರದ ತುಂಡುಗಳನ್ನು ಜೋಡಿಸಿ ಎಂದರು. ಅವನು ಅತ್ತಿತ್ತ ಸರಿಸಿ, ಎಲ್ಲವನ್ನೂ ನೆಲಕ್ಕೆ ತಳ್ಳಿ ಎದ್ದ.

"ಡ್ಯೂಟಿಗೆ ಹೊತ್ತಾಯ್ತು!"

ಅಕ್ಕ ಓಡಿಹೋಗಿ ಕೈ ಹಿಡಿದಳು. "ಕೂತ್ಕೊಳೋ!"

"ನನ್ನ ಚೀಲ ಕೊಡು. ನೀನೇ ತಗೊಂಡಿರೋದು. ಕಳ್ಳಿ!"

ಹೊರಗಿದ್ದವರೆಲ್ಲ ಇಣುಕಿದರು. "ನಾನ್ಯಾಕೋ ತಗೊಳ್ಳಲಿ? ನಾನು ನಿನ್ನ ಅಕ್ಕ ಕಣೋ!" ಅವಳು ಕೂಗಿದಷ್ಟೂ ಅವನೂ ಕೂಗಿದ. ಹೆಂಡತಿ ಎಚ್ಚರಗೊಂಡು ಒಳಗೆ ಬಂದಳು. ವಾದ ಮಾಡಲಿಲ್ಲ. "ಚೀಲ ಡಿಪೋದಲ್ಲಿರಬೇಕು, ಆಮೇಲೆ ನೋಡೋಣ. ಮೊದ್ಲು ನೀರು ಕುಡೀರಿ," ಎಂದಳು. ಅವನು ಕೂತ.

ಉಳಿದ ಪರೀಕ್ಷೆ ಇನ್ನೊಂದು ದಿನ ಮುಗಿಯಿತು. ರಕ್ತದಲ್ಲಿ ಬೇರೆ ಕಾರಣ ಸಿಗಲಿಲ್ಲ. ಮೇಡಂ ಅಕ್ಕ, ತಮ್ಮನ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

"ಇದು ಹುಚ್ಚಲ್ಲ, ಬರೀ ವಯಸ್ಸಿನ ಮರೆವೂ ಅಲ್ಲ. ಡಿಮೆನ್ಷಿಯಾ ಅಂತ, ಮಿದುಳಿನ ಕಾಯಿಲೆ. ಹಳೇ ಮಾತು, ತಮಾಷೆ ಇನ್ನೂ ಗಟ್ಟಿಯಾಗಿದೆ. ಹೊಸದು ನಿಲ್ಲಲ್ಲ. ನೆಂಟರು ಬಂದಾಗ ಸ್ವಲ್ಪ ಹೊತ್ತು ಹೇಗೋ ಸಂಭಾಳಿಸ್ತಾರೆ. ಆಮೇಲಿನದನ್ನ ನೋಡೋರು ಮನೆಯವರು ಮಾತ್ರ."

"ವಾಸಿ ಆಗಲ್ವಾ?" ಎಂದಳು ಅಕ್ಕ.

"ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ ಅಮ್ಮ. ಆದ್ರೆ ಯಾವ ಶಕ್ತಿ ಉಳಿದಿದೆ ಅಂತ ಈಗ ಗೊತ್ತಾಗಿದೆ. ಅದನ್ನ ಬಳಸೋ ಸಣ್ಣ ಕೆಲಸ ಕೊಡಿ, ವಾದ ಬೇಡ. ಅವರ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಲಿ." ಮೇಡಂ ಹೆಂಡತಿಯ ಕಡೆ ತಿರುಗಿದರು. "ಈಗ ನಿಮ್ಮ ಸರದಿ. ನಿಮಗೆ ನಿದ್ದೆ ಹೇಗಿದೆ?"

ಅವಳು ಉತ್ತರಿಸುವ ಮೊದಲು ಅಕ್ಕನ ಮುಖ ನೋಡಿದಳು, ಹೆದರಿಕೆಯಿಂದ. ಆ ನೋಟ ಅಕ್ಕನಿಗೆ ಚುಚ್ಚಿತು.

"ಒಂದ್ಸಲ ಅವರ ಮೇಲೆ ಕೈ ಎತ್ತಿಬಿಟ್ಟೆ ಮೇಡಂ. ಹೊಡೀಲಿಲ್ಲ. ಆದ್ರೆ ಎತ್ತಿದೆ," ಎಂದು ಅವಳು ಅಳತೊಡಗಿದಳು.

"ನೀವು ಕೆಟ್ಟವರಲ್ಲ, ದಣಿದಿದ್ದೀರಿ. ನೋಡಿಕೊಳ್ಳೋರೇ ಕುಸಿದ್ರೆ ಇಬ್ಬರೂ ಹೋದ ಹಾಗೆ. ನಿಮ್ಮಂಥವರೇ ಸೇರಿ ಮಾತಾಡೋ ಗುಂಪು ಇಲ್ಲಿದೆ, ಬನ್ನಿ. ಅಷ್ಟು ಹೊತ್ತು ಅವರ ಹತ್ತಿರ ಯಾರಿರ್ತಾರೆ?"

ಯಾರೂ ಇರಲಿಲ್ಲ.

"ನಾನಿರ್ತೀನಿ," ಎಂದಳು ಅಕ್ಕ. ತಮ್ಮನ ಹೆಂಡತಿಯ ಕೈ ಹಿಡಿದುಕೊಂಡಳು. "ಒಂದೇ ಸಲ ಕಳ್ಳಿ ಅಂದಿದ್ದಕ್ಕೆ ನನಗೆ ತಡೀಲಿಲ್ಲ ಕಣೇ. ನೀನು ದಿನಾ ಹೇಗೆ ತಡ್ಕೊಂಡೆ? ತಪ್ಪಾಯ್ತು. ಗುಂಪಿಗೂ ಹೋಗು, ಭಾನುವಾರ ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಅವನು ನನ್ನ ಜವಾಬ್ದಾರಿ."

ಕೊಟ್ಟ ಮಾತು ಉಳಿಸಿಕೊಂಡಳು. ಮೊದಲ ಭಾನುವಾರವೇ ಮಧ್ಯಾಹ್ನದೊಳಗೆ ಹಲವು ಸಲ ಕಳ್ಳಿ ಎನ್ನಿಸಿಕೊಂಡಳು, ಬಾಗಿಲಿಗೂ ಕುರ್ಚಿಗೂ ಓಡಾಡಿ ಹೈರಾಣಾದಳು. ಒಳಕೋಣೆಯಲ್ಲಿ ತಮ್ಮನ ಹೆಂಡತಿ ಸಂಜೆಯವರೆಗೆ ಮಗ್ಗುಲು ಬದಲಿಸದೆ ಮಲಗಿದ್ದಳು.

ಬಂಧುಗಳೇ, ನಿಮ್ಮ ಪೈಕಿಯಲ್ಲೂ ಇಂಥ ಮನೆ ಇರಬಹುದು. ದೂರದ ಬೆಟ್ಟ ನುಣ್ಣಗೆ. ಚೆನ್ನಾಗೇ ಇದ್ದಾರಲ್ಲ ಎಂದು ತೀರ್ಪು ಕೊಟ್ಟು ಎದ್ದು ಬರಬೇಡಿ. ಮರೆವು ದಿನದಿನಕ್ಕೆ ಹೆಚ್ಚುತ್ತಿದ್ದರೆ, ಗೊತ್ತಿದ್ದ ದಾರಿಯೇ ತಪ್ಪುತ್ತಿದ್ದರೆ, ಸುಮ್ಮಸುಮ್ಮನೆ ಅನುಮಾನ ಬರುತ್ತಿದ್ದರೆ, ನಾಚಿಕೆಪಡದೆ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿ. ಮನೆಯಲ್ಲಿ ಅವರನ್ನು ನೋಡಿಕೊಳ್ಳುವ ಜೀವವೊಂದಿದೆಯಲ್ಲ, ಅದನ್ನೂ ವಿಚಾರಿಸಿ. ವಿಚಾರಿಸಿ ಸುಮ್ಮನಾಗಬೇಡಿ. "ನೀನು ಹೋಗಿ ಮಲಗು, ನಾನಿದ್ದೀನಿ" ಎನ್ನಿ. ಅಂದ ಮೇಲೆ ಇರಿ.