ಮಲಗ್ಲಿ ಬಿಡು

ರೇವಣಸಿದ್ದ ಸಂಡೂರಿನ ಗಣಿಯಿಂದ ಅದಿರು ಸಾಗಿಸುವ ಲಾರಿ ಓಡಿಸುತ್ತಿದ್ದ. ಗುಂಡಿಬಿದ್ದ ರಸ್ತೆಯಲ್ಲಿ ವರ್ಷಗಟ್ಟಲೆ ಕುಲುಕಾಡಿ ಬೆನ್ನಿನ ಡಿಸ್ಕ್ ಸರಿದಿತ್ತು. ಸೊಂಟದಿಂದ ಪಾದದವರೆಗೆ ಬೆಂಕಿ ಹರಿದಂಥ ನೋವು. ಚಿತ್ತವಾಡ್ಗಿಯ ಮನೆಯಲ್ಲಿ ಅವನು ಗೋಡೆಗೊರಗಿ ಕೂತೇ ಬೆಳಗು ಮಾಡುತ್ತಿದ್ದ. ಹೆಂಡತಿ ತ್ರಿವೇಣಿ ಅವನ ಕಾಲು ಒತ್ತುತ್ತಲೇ ತೂಕಡಿಸುತ್ತಿದ್ದಳು.

ಹೊಸಪೇಟೆಯ ಡಾಕ್ಟರು ನರದ ನೋವಿಗೆ ಗುಳಿಗೆ ಬರೆದರು. "ನಿಧಾನಕ್ಕ ಕಡಿಮಿ ಆಗ್ತೈತಿ. ಲಾರಿ ಮಾತ್ರ ಹತ್ತಬ್ಯಾಡ್ರಿ," ಎಂದರು. ಆದರೆ ಅದಿರಿಗೆ ಎಲ್ಲಿಲ್ಲದ ಬೇಡಿಕೆ ಬಂದಿದ್ದ ಕಾಲ. ಮಾಲೀಕ ಆಗಲೇ ಬೇರೆ ಡ್ರೈವರನ್ನು ಹುಡುಕುತ್ತಿದ್ದ. ರೇವಣಸಿದ್ದ ತಡೆಯಲಾರದೆ ಕುರೆಕುಪ್ಪದಲ್ಲಿ ಇನ್ನೊಬ್ಬ ಡಾಕ್ಟರ ಹತ್ತಿರ ಹೋದ. ಅವರು ಅಫೀಮಿನ ಜಾತಿಯ ಜೋರು ನೋವಿನ ಗುಳಿಗೆ ಕೊಟ್ಟರು. ಮೊದಲಿನ ಗುಳಿಗೆಯ ಮಾತು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಶನಿವಾರ ಎರಡನ್ನೂ ನುಂಗಿದ. ನಾಲಿಗೆ ತೊದಲಿತು, ನಡೆಯುವಾಗ ಗೋಡೆ ಹಿಡಿದ. ಆದರೂ "ಭಾಳ ಹಗುರಾಗೈತಿ, ತ್ರಿವೇಣಿ," ಎಂದು ನಕ್ಕ. ಆ ನಗು ನೋಡಿ ಅವಳಿಗೆ ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ ಮತ್ತೆ ಎರಡೂ ಗುಳಿಗೆ ನುಂಗಿ ಮಲಗಿದವನು ಮಧ್ಯಾಹ್ನವಾದರೂ ಏಳಲಿಲ್ಲ. ಗೊರಕೆ ಗಂಟಲಲ್ಲಿ ಸಿಕ್ಕಿಕೊಂಡಂತೆ ನಿಂತು ನಿಂತು ಬರುತ್ತಿತ್ತು. ಮಗಳು ಸ್ಫೂರ್ತಿ ಅವನ ಭುಜ ಅಲುಗಿಸಲು ಹೋದಾಗ ತ್ರಿವೇಣಿ ಕೈಹಿಡಿದು ಎಳೆದಳು.

"ಮಲಗ್ಲಿ ಬಿಡು. ಎಷ್ಟು ದಿನ ಆತು ಅಪ್ಪ ಹಿಂಗ ಮಲಗಿ."

ನಲ್ಲಿಯ ಹತ್ತಿರ ಕೊಡ ಬಡಿಯುತ್ತಿದ್ದ ಹೆಂಗಸರಿಗೂ ಸದ್ದು ಮಾಡಬೇಡಿರೆಂದು ಕೈಮುಗಿದು ಬಂದಳು.

ಊಟಕ್ಕೆ ಎಬ್ಬಿಸಲು ಹೋದಾಗ ಗೊರಕೆ ನಿಂತಿತ್ತು. ತುಟಿ ನೀಲಿಗಟ್ಟಿತ್ತು. ಆಟೋದಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಏಳ್ರೀ, ಏಳ್ರೀ" ಎನ್ನುತ್ತಲೇ ಆಸ್ಪತ್ರೆ ಮುಟ್ಟಿದಳು. ಜೀವ ಹೋಗಿತ್ತು.

ಅಲ್ಲಿನ ಡಾಕ್ಟರಮ್ಮ ಅವನ ಜೇಬಿನಲ್ಲಿದ್ದ ಎರಡೂ ಗುಳಿಗೆ ನೋಡಿದರು, ಗೊರಕೆಯ ವಿಷಯ ತ್ರಿವೇಣಿಯಿಂದ ಕೇಳಿಕೊಂಡರು. "ಇವೆರಡೂ ಉಸಿರನ್ನ ನಿಧಾನ ಮಾಡ್ತಾವಮ್ಮ. ಕೂಡಿ ತಗೊಂಡ್ರ ಉಸಿರ ನಿಲ್ಲಬಹುದು. ಗೊರಕಿ ಹಂಗ ಸಿಕ್ಕೊಂಡ್ರ ಅದು ಬರೇ ನಿದ್ದಿ ಅಲ್ಲ."

"ನಾನು ಎಬ್ಬಿಸ್ಲೇ ಇಲ್ರಿ," ಎಂದಳು ತ್ರಿವೇಣಿ. "ಎಬ್ಬಿಸಾಕ ಹೋದ ಕೂಸಿನ ಕೈ ಹಿಡದು ಜಗ್ಗಿದೆ."

ಮಣ್ಣಾದ ಮೇಲೂ ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಒಂದು ದಿನ ಅವನ ಜೊತೆಗಾರ ಡ್ರೈವರ್ ಮೂಕಣ್ಣ ಮಾತಾಡಿಸಲು ಬಂದ. ಸೊಂಟ ಹಿಡಿದುಕೊಂಡು ಕಷ್ಟಪಟ್ಟು ಕೂತ. ತ್ರಿವೇಣಿ ತಲೆ ಎತ್ತಿದಳು.

"ಅಣ್ಣ, ನೀವೂ ಗುಳಿಗಿ ತಗೋತೀರೇನು?"

"ನರದ್ದು ಒಂದು. ಇನ್ನೊಂದು ನೋವಿಂದು."

ಅವಳು ಅವನ ತೋಳು ಹಿಡಿದು ಎಬ್ಬಿಸಿದಳು. "ನಡೀರಿ. ಎರಡೂ ಗುಳಿಗಿ ಕೈಯಾಗ ಹಿಡ್ಕೊಂಡು ಈಗಲೇ ಡಾಕ್ಟರಮ್ಮನ ಹತ್ರ ಹೋಗೋಣ. ನಾನೂ ಬರ್ತೀನಿ." ಹೊಸ್ತಿಲು ದಾಟುತ್ತಿದ್ದಂತೆ, ಅಷ್ಟು ದಿನ ಬಾರದಿದ್ದ ಅಳು ಬಂತು. ಅಳುತ್ತಲೇ ನಡೆದಳು.